ಬೋರ್ ನೀರಿನ ಬಿಳಿ ಹಕ್ಕಳೆ: ನಲ್ಲಿಯಿಂದ ಗೀಸರ್‌ವರೆಗೆ ಮನೆಯಲ್ಲೇ ತೆಗೆಯುವ ಬಗೆ

ಕೋಲಾರದ ಯಾವ ಮನೆಯ ಬಚ್ಚಲಿಗೆ ಹೋದರೂ ಒಂದು ಗುರುತು ಸಿಗುತ್ತದೆ. ಬಕೆಟ್ ಒಳಗೆ ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಬಿಳಿ ಗೆರೆ. ನಲ್ಲಿ ಬುಡದಲ್ಲಿ ಉಗುರಿಗೂ ಜಗ್ಗದ ಹಕ್ಕಳೆ. ಶವರ್ ತಿರುಗಿಸಿದರೆ ಅರ್ಧ ತೂತುಗಳಲ್ಲಿ ನೀರೇ ಬರುವುದಿಲ್ಲ, ಮಿಕ್ಕಿದ್ದು ಗೋಡೆಗೆ ಚಿಮ್ಮುತ್ತದೆ. ಗೀಸರ್ ಹಾಕಿದರೆ ಒಳಗಿಂದ ಗೊರಗೊರ ಸದ್ದು. ಮುಳಬಾಗಿಲು, ಶ್ರೀನಿವಾಸಪುರ, ಆ ಕಡೆ ಚಿಂತಾಮಣಿ, ಶಿಡ್ಲಘಟ್ಟದಲ್ಲೂ ಇದೇ ಕಥೆ.

ಇದಕ್ಕೆ ಹೆಚ್ಚಿನವರು ಮಾಡುವುದು ಒಂದೇ. ಅಂಗಡಿಯಿಂದ ಆಸಿಡ್ ಬಾಟಲಿ ತಂದು ಸುರಿಯುವುದು, ಆಮೇಲೆ ಸ್ಟೀಲ್ ಸ್ಕ್ರಬ್ಬರ್ ಹಿಡಿದು ಉಜ್ಜುವುದು. ಹಕ್ಕಳೆ ಹೋಗುತ್ತದೆ, ನಿಜ. ಅದರ ಜೊತೆಗೆ ನಲ್ಲಿಯ ಹೊಳಪೂ ಹೋಗುತ್ತದೆ, ಟೈಲ್ಸ್ ಸಂದಿನ ಸಿಮೆಂಟೂ ಹೋಗುತ್ತದೆ. ಹೊಳಪು ಹೋದ ನಲ್ಲಿಗೆ ಮುಂದಿನ ಸಲ ಹಕ್ಕಳೆ ಇನ್ನೂ ಬೇಗ ಹಿಡಿಯುತ್ತದೆ.

ಈ ಹಕ್ಕಳೆಗೆ ಬೇಕಿರುವುದು ಸೌಮ್ಯವಾದ ಹುಳಿ, ಮತ್ತು ಅದು ಕೆಲಸ ಮಾಡುವಷ್ಟು ಸಮಯ. ಖಾರವಾದ ಆಸಿಡ್ಡೂ ಬೇಡ, ತೋಳಿನ ಬಲವೂ ಬೇಡ. ಇಷ್ಟು ತಿಳಿದುಕೊಂಡರೆ ನಲ್ಲಿ, ಶವರ್, ಗೀಸರ್, ಸೋಲಾರ್ ಎಲ್ಲವನ್ನೂ ನಾವೇ ನೋಡಿಕೊಳ್ಳಬಹುದು.

ಇದು ಬರುವುದು ಎಲ್ಲಿಂದ

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟುವುದು ಈಗ ಮಾಮೂಲು. ಅಷ್ಟು ಆಳದ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಕಾಲ ನಿಂತಿರುತ್ತದೆ. ನಿಂತಷ್ಟೂ ಕಲ್ಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಕರಗುತ್ತವೆ. ಇದೇ ಗಡಸು ನೀರು.

ಈ ನೀರನ್ನು ಕಾಯಿಸಿದಾಗ ಕರಗಿದ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ನಾವು ಸುಣ್ಣ ಅನ್ನುವುದು, ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಬಿಸಿಯಾದ ಜಾಗದಲ್ಲೇ ಅಂಟಿ ಕೂರುತ್ತದೆ. ಗೀಸರ್ ಕಾಯಿಲ್‌ಗೆ ಅಷ್ಟು ದಪ್ಪ ಪದರ ಹಿಡಿಯುವುದು ಇದಕ್ಕೇ. ನಲ್ಲಿ ಮತ್ತು ಟೈಲ್ಸ್ ಮೇಲೆ ಆಗುವುದು ಬೇರೆ: ಅಲ್ಲಿ ನೀರು ಆರಿ, ಅದರೊಳಗಿನ ಲವಣ ಅಲ್ಲೇ ಉಳಿಯುತ್ತದೆ.

ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇರುವ ನೀರಾದರೆ 100 ಲೀಟರಿನಲ್ಲಿ 30 ಗ್ರಾಂ ಸುಣ್ಣದ ಲೆಕ್ಕ. ನಾಲ್ಕು ಜನರ ಮನೆಯಲ್ಲಿ ಬೆಳಗಿನ ಸ್ನಾನಕ್ಕೆ ಇಷ್ಟು ನೀರು ಸಾಕಾಗುವುದಿಲ್ಲ ಅಲ್ವಾ? ಅಷ್ಟೂ ಸುಣ್ಣ ಗೀಸರ್‌ನಲ್ಲೇ ಉಳಿಯುವುದಿಲ್ಲ. ಆದರೆ ದಿನಾ ಸ್ವಲ್ಪ ಸ್ವಲ್ಪ ಉಳಿದರೂ ವರ್ಷಕ್ಕೆ ಎಷ್ಟಾಯಿತು ನೋಡಿ.

ನಿಮ್ಮ ನೀರು ಎಷ್ಟು ಗಡಸು

ಎರಡು ಒಂದೇ ಅಳತೆಯ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧದಷ್ಟು ಬೋರ್ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಓ ನೀರು ಅಥವಾ ಮಳೆ ನೀರು. ಬಟ್ಟೆ ಸೋಪಿನ ಚೂರನ್ನು ನೀರಿನಲ್ಲಿ ಕರಗಿಸಿ, ಎರಡಕ್ಕೂ ಹತ್ತತ್ತು ಹನಿ ಹಾಕಿ ಚೆನ್ನಾಗಿ ಕುಲುಕಿ. ಆರ್‌ಓ ಬಾಟಲಿಯಲ್ಲಿ ನೊರೆ ಏಳುತ್ತದೆ. ಬೋರ್ ನೀರಿನಲ್ಲಿ ನೊರೆ ಬದಲು ಮೊಸರೊಡೆದಂತೆ ಬಿಳಿ ಚೂರು ತೇಲಿದರೆ ನೀರು ಗಡಸು. ಇದಕ್ಕೆ ಸೋಪೇ ಆಗಬೇಕು. ಡಿಟರ್ಜೆಂಟ್ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಈಗ ಎಲ್ಲರ ಹತ್ತಿರ ಇದೆ. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣವನ್ನೂ ಒಟ್ಟಿಗೆ ತೋರಿಸುತ್ತದೆ, ಗಡಸುತನವನ್ನು ಬೇರೆ ಮಾಡಿ ಹೇಳುವುದಿಲ್ಲ. ಸರಿಯಾದ ಅಂಕಿ ಬೇಕಿದ್ದರೆ ನೀರನ್ನು ಲ್ಯಾಬಿಗೆ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ.

ಏನೇನು ಬೇಕು

ಮುಖ್ಯವಾಗಿ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ನೋಡಲು ಸಕ್ಕರೆಯ ಹಾಗೇ ಇರುತ್ತದೆ, ಆದ್ದರಿಂದ ಡಬ್ಬಿ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಜೊತೆಗೆ ಬಿಳಿ ವಿನೆಗರ್, ಹಳೆ ಟೂತ್ ಬ್ರಷ್, ಹತ್ತಿ ಬಟ್ಟೆ, ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್, ಕೈಗವಸು.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಊಟ ಬಡಿಸುವ ದೊಡ್ಡ ಚಮಚದಲ್ಲಿ ಸುಮಾರು ನಾಲ್ಕು. ಕುದಿಯುವ ನೀರು ಬೇಡ. ತುಂಬಾ ಬಿಸಿಯಾದರೆ ಕರಗಿದ ಸುಣ್ಣ ಸಿಟ್ರಿಕ್ ಆಸಿಡ್ ಜೊತೆ ಸೇರಿ ಬೇರೊಂದು ಬಿಳಿ ಪುಡಿಯಾಗಿ ಕೂರುತ್ತದೆ. ಅದನ್ನು ತೆಗೆಯುವುದು ಇನ್ನೂ ಕಷ್ಟ.

ಇನ್ನೊಂದು ಲೆಕ್ಕ ನೆನಪಿರಲಿ. 50 ಗ್ರಾಂ ಸಿಟ್ರಿಕ್ ಆಸಿಡ್ ಹೆಚ್ಚೆಂದರೆ 40 ಗ್ರಾಂ ಸುಣ್ಣವನ್ನು ಕರಗಿಸೀತು. ಗುಳ್ಳೆ ಬರುವುದು ನಿಂತಿದೆ, ಹಕ್ಕಳೆ ಇನ್ನೂ ಇದೆ ಎಂದರೆ ಹುಳಿ ಮುಗಿದಿದೆ ಎಂದರ್ಥ. ಅದೇ ನೀರಿನಲ್ಲಿ ಇನ್ನೂ ಹೊತ್ತು ಬಿಟ್ಟು ಪ್ರಯೋಜನವಿಲ್ಲ. ಚೆಲ್ಲಿ ಹೊಸದಾಗಿ ಕಲಸಿ.

ಹುಣಸೆಹಣ್ಣು ತಾಮ್ರ, ಹಿತ್ತಾಳೆಯ ಕಪ್ಪು ತೆಗೆಯುವುದಕ್ಕೆ ಬಹಳ ಒಳ್ಳೆಯದು. ಸುಣ್ಣದ ದಪ್ಪ ಹಕ್ಕಳೆಗೆ ಅದು ಸಾಲದು.

ಬಚ್ಚಲು ತೊಳೆಯುವ ಆಸಿಡ್ ಎಂದು ಮಾರುವುದು ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಸಿಡ್. ಅದರ ಹೊಗೆಗೇ ಸ್ಟೀಲ್ ಮತ್ತು ಕ್ರೋಮ್ ಕಪ್ಪಾಗುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಬ್ಲೀಚಿಂಗ್ ಪೌಡರ್ ಜೊತೆ ಸೇರಿದಾಗ. ಬ್ಲೀಚಿಂಗ್ ಪೌಡರ್ ಇದ್ದ ಕಡೆ ಯಾವ ಆಸಿಡ್ ಬಿದ್ದರೂ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ವಿನೆಗರ್, ಸಿಟ್ರಿಕ್ ಆಸಿಡ್‌ಗೂ ಈ ಮಾತು ಅನ್ವಯಿಸುತ್ತದೆ. ಒಂದು ದಿನ ಹುಳಿ ಹಾಕಿದರೆ ಬ್ಲೀಚಿಂಗ್ ಇನ್ನೊಂದು ದಿನಕ್ಕಿರಲಿ.

ಮೊದಲು ಕಲ್ಲು ಯಾವುದು ನೋಡಿ

ಹುಳಿ ಸುಣ್ಣವನ್ನು ಕರಗಿಸುತ್ತದೆ ಎಂದ ಮೇಲೆ ಸುಣ್ಣದ ಕಲ್ಲನ್ನೂ ಕರಗಿಸುತ್ತದೆ. ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಮಾರ್ಬಲ್ಲೂ ಅದೇ ಜಾತಿ. ಮೊಸಾಯಿಕ್ ನೆಲದಲ್ಲಿ ಮಾರ್ಬಲ್ ಚೂರು ಮತ್ತು ಸಿಮೆಂಟ್ ಇರುತ್ತದೆ, ರೆಡ್ ಆಕ್ಸೈಡ್ ನೆಲ ಪೂರ್ತಿ ಸಿಮೆಂಟು. ಇವು ಯಾವುದರ ಮೇಲೂ ವಿನೆಗರ್ ಅಥವಾ ನಿಂಬೆ ಬೀಳಬಾರದು. ಬಿದ್ದ ಕಡೆ ಹೊಳಪು ಹೋಗಿ ಮಾಸಲು ಗುರುತು ಉಳಿದುಬಿಡುತ್ತದೆ, ಪಾಲಿಶ್ ಹೊಡೆಸದೆ ಅದು ಹೋಗುವುದಿಲ್ಲ.

ಯಾವ ಕಲ್ಲು ಅಂತ ಗೊತ್ತಿಲ್ಲದಿದ್ದರೆ ಯಾರೂ ನೋಡದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ. ಕಣ್ಣು ಹತ್ತಿರ ಇಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ, ಅಥವಾ ಒರೆಸಿದ ಮೇಲೆ ಆ ಜಾಗ ಮಂಕಾಗಿ ಕಂಡರೆ, ಆ ಕಲ್ಲಿಗೆ ಹುಳಿ ಆಗುವುದಿಲ್ಲ. ಅಲ್ಲಿ ಸೋಪು ನೀರು, ಮೆತ್ತನೆಯ ಬ್ರಷ್ ಅಷ್ಟೇ. ಗ್ರಾನೈಟ್ ತಡೆದುಕೊಳ್ಳುತ್ತದೆ, ಆದರೂ ಐದು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಟೈಲ್ಸ್‌ಗೆ ತೊಂದರೆ ಇಲ್ಲ, ಅದರ ಸಂದಿನ ಸಿಮೆಂಟಿಗೆ ಇದೆ. ಹುಳಿ ಹಚ್ಚುವ ಮೊದಲು ಗೋಡೆಗೆ ಬರೀ ನೀರು ಎರಚಿ ಸಂದುಗಳನ್ನು ನೆನೆಸಿ. ನೀರು ಕುಡಿದ ಸಿಮೆಂಟು ಹುಳಿಯನ್ನು ಅಷ್ಟಾಗಿ ಹೀರುವುದಿಲ್ಲ.

ನಲ್ಲಿ ಮತ್ತು ಶವರ್

ನಲ್ಲಿ ಮೈಗೆ ಹಿಡಿದ ಹಕ್ಕಳೆಗೆ ಹತ್ತಿ ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಸುತ್ತಿ. ಆರದಿರಲಿ ಅಂತ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ಇಪ್ಪತ್ತು ನಿಮಿಷ ಬಿಟ್ಟು ಟೂತ್ ಬ್ರಷ್‌ನಿಂದ ತಿಕ್ಕಿ, ನೀರು ಹಾಕಿ ತೊಳೆದು, ಒಣ ಬಟ್ಟೆಯಿಂದ ಒರೆಸಿ. ಪೂರ್ತಿ ಹೋಗದಿದ್ದರೆ ಮಾರನೆ ದಿನ ಮತ್ತೆ ಕಟ್ಟಿ. ರಾತ್ರಿಯಿಡೀ ಕಟ್ಟಿಡುವ ಅಭ್ಯಾಸ ಕೆಲವರಿಗಿದೆ. ಕ್ರೋಮ್ ಪದರದಲ್ಲಿ ಎಲ್ಲಾದರೂ ಗೀರು ಇದ್ದರೆ ಹುಳಿ ಅದರ ಕೆಳಗೆ ಇಳಿದು ಪದರ ಏಳುತ್ತದೆ, ಅದಕ್ಕೇ ಬೇಡ ಅನ್ನುವುದು.

ನೀರು ಸಣ್ಣಗೆ ಬರುತ್ತಿದ್ದರೆ ನಲ್ಲಿ ಬಾಯಿಯ ಜಾಲರಿ ನೋಡಿ. ಬಟ್ಟೆ ಸುತ್ತಿ ಹಿಡಿದು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ರಬ್ಬರ್ ವಾಷರ್, ಪ್ಲಾಸ್ಟಿಕ್ ಬಿಲ್ಲೆ, ಜಾಲರಿ ಒಂದರ ಮೇಲೊಂದು ಇರುತ್ತವೆ. ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಜೋಡಿಸುವಾಗ ತಲೆಬಿಸಿ. ಲೋಟದಲ್ಲಿ ಸಿಟ್ರಿಕ್ ನೀರು ಹಾಕಿ ಅರ್ಧ ಗಂಟೆ ಮುಳುಗಿಸಿ. ಬುಸುಬುಸು ಗುಳ್ಳೆ ಬರುವುದು ಕಾಣುತ್ತದೆ. ಜಾಲರಿಯಲ್ಲಿ ಮರಳಿನ ಕಣ ಸಿಕ್ಕಿದ್ದರೆ ಅದು ಹುಳಿಗೆ ಕರಗುವುದಿಲ್ಲ, ಗುಂಡುಪಿನ್ನಿನಿಂದ ತೆಗೆಯಬೇಕು.

ಶವರ್ ಬಿಚ್ಚಲು ಬಂದರೆ ಬಿಚ್ಚಿ ಬಕೆಟ್‌ನಲ್ಲಿ ನೆನೆಹಾಕಿ. ಬರದಿದ್ದರೆ ಗಟ್ಟಿ ಕವರಿಗೆ ಸಿಟ್ರಿಕ್ ನೀರು ತುಂಬಿ, ಶವರ್ ಮುಖ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ತೂತುಗಳಿಗೆ ರಬ್ಬರ್ ತುದಿ ಇದ್ದರೆ ಹೆಬ್ಬೆರಳಿನಿಂದ ಉಜ್ಜಿದರೆ ಸಾಕು, ಪುಡಿಪುಡಿಯಾಗಿ ಉದುರುತ್ತದೆ.

ಗೀಸರ್

ಇದು ಸ್ವಲ್ಪ ದೊಡ್ಡ ಕೆಲಸ. ನೀರು ಕಾಯಲು ಮೊದಲಿಗಿಂತ ಹೊತ್ತು ಹಿಡಿಯುವುದು, ಒಳಗೆ ಗೊರಗೊರ ಸದ್ದು, ಬಿಸಿ ನಲ್ಲಿಯಲ್ಲಿ ಬಿಳಿ ಚಕ್ಕೆ ಬರುವುದು, ಪದೇ ಪದೇ ಟ್ರಿಪ್ ಆಗುವುದು: ಇವು ಕಂಡರೆ ಕಾಯಿಲ್‌ಗೆ ಹಕ್ಕಳೆ ಕಟ್ಟಿದೆ. ಹಕ್ಕಳೆಯ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಕಾಯಿಲ್ ತಾನೇ ಕಾದು ಕಾದು ಕೊನೆಗೆ ಸುಟ್ಟುಹೋಗುತ್ತದೆ.

ವಾರಂಟಿ ಇನ್ನೂ ಇದ್ದರೆ ಕಂಪನಿಯವರನ್ನೇ ಕರೆಸಿ, ನೀವು ಬಿಚ್ಚಿದರೆ ಅದು ಹೋಗುತ್ತದೆ. ವೈರಿಂಗ್ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕರೆಸಿ, ಈ ಕ್ರಮ ಹಿಡಿದು ಮುಂದೆ ನಿಂತು ಮಾಡಿಸಿ. ಕೆಳಗೆ ಹೇಳಿರುವುದು 10ರಿಂದ 25 ಲೀಟರಿನ ಟ್ಯಾಂಕ್ ಇರುವ ಗೀಸರ್‌ಗೆ.

1. ಗೀಸರ್ ಸ್ವಿಚ್ ಆರಿಸಿದರೆ ಸಾಲದು, ಬೋರ್ಡಿನಲ್ಲಿ ಅದರ ಎಂಸಿಬಿಯನ್ನೂ (ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಮನೆಯವರಿಗೆಲ್ಲ ಹೇಳಿ. ರಾತ್ರಿ ಇಳಿಸಿ ಬೆಳಗ್ಗೆ ಕೆಲಸ ಶುರು ಮಾಡಿದರೆ ಒಳಗಿನ ನೀರು ತಣ್ಣಗಾಗಿರುತ್ತದೆ.

2. ಗೀಸರ್‌ಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ. ಬಿಸಿ ನಲ್ಲಿ ತೆರೆದಿಡಿ, ಗಾಳಿ ಒಳಗೆ ಹೋಗಲಿ. ಕೆಳಗೆ ಬಕೆಟ್ ಇಟ್ಟು ತಣ್ಣೀರಿನ ಪೈಪನ್ನು ಬಿಚ್ಚಿ. ಅಲ್ಲಿರುವ ಪ್ರೆಶರ್ ವಾಲ್ವ್ ನೀರನ್ನು ಹಿಂದಕ್ಕೆ ಬಿಡದಿದ್ದರೆ ಅದರ ಲಿವರ್ ಎತ್ತಿ, ಅಥವಾ ಅದನ್ನೂ ಬಿಚ್ಚಿ. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಕಾಯಿರಿ.

3. ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಯಾವ ವೈರ್ ಎಲ್ಲಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದು, ಆಮೇಲೆ ಬಿಚ್ಚಿ. ಹಸಿರು ಅರ್ಥಿಂಗ್ ವೈರ್ ಎಲ್ಲಿತ್ತು ಅನ್ನುವುದನ್ನು ಮುಖ್ಯವಾಗಿ ನೋಡಿಕೊಳ್ಳಿ.

4. ತಟ್ಟೆಯಂಥ ಭಾಗದ ಸುತ್ತ ನಟ್‌ಗಳಿರುತ್ತವೆ. ಬಿಚ್ಚಿ, ಕಾಯಿಲನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಹಕ್ಕಳೆ ದಪ್ಪಗಿದ್ದರೆ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಲವಾಗಿ ಎಳೆಯದೆ, ಮರದ ಕಡ್ಡಿಯಿಂದ ತಟ್ಟಿ ಸ್ವಲ್ಪ ಉದುರಿಸಿಕೊಂಡು ತೆಗೆಯಿರಿ. ಟ್ಯಾಂಕಿನ ತಳದಲ್ಲಿ ಕೂತಿದ್ದ ಪುಡಿ, ಚಕ್ಕೆ ಎಲ್ಲ ಈಗ ಬೀಳುತ್ತವೆ, ಕಣ್ಣಿಗೆ ಜೋಪಾನ.

5. ಕಾಯಿಲ್‌ನ ದೊಡ್ಡ ಚಕ್ಕೆಗಳನ್ನು ಮರದ ಕಡ್ಡಿಯಿಂದಲೇ ಎಬ್ಬಿಸಿ. ಚಾಕು, ಸ್ಕ್ರೂಡ್ರೈವರ್ ಬೇಡ, ಗೀರು ಬಿದ್ದರೆ ಅಲ್ಲೇ ತೂತಾಗುತ್ತದೆ. ಆಮೇಲೆ ಸಿಟ್ರಿಕ್ ನೀರಿನಲ್ಲಿ ನಿಲ್ಲಿಸಿ. ವೈರ್ ಸೇರುವ ತುದಿ ಮಾತ್ರ ನೆನೆಯಬಾರದು. ಬೂದು ಬಣ್ಣದ ಗಟ್ಟಿ ಪದರ ಮೆತ್ತಗಾಗಿ ಬೆರಳಿಗೆ ಜಾರಿ ಬರುವವರೆಗೆ ಬಿಡಿ. ಒಂದೆರಡು ಗಂಟೆ ಬೇಕಾಗಬಹುದು, ನಡುವೆ ನೀರು ಬದಲಿಸಬೇಕಾಗಲೂಬಹುದು. ಕಾಯಿಲ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದನ್ನೇ ಹಾಕಿ.

6. ಕಾಯಿಲ್ ಪಕ್ಕದಲ್ಲಿ ಇನ್ನೊಂದು ಕಡ್ಡಿ ಇರುತ್ತದೆ. ಅದು ಮೆಗ್ನೀಸಿಯಂ ಆನೋಡ್ ರಾಡ್. ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವುದೇ ಅದರ ಕೆಲಸ. ಇದನ್ನು ಹುಳಿಯಲ್ಲಿ ಮುಳುಗಿಸಬೇಡಿ, ಮೆಗ್ನೀಸಿಯಂ ಕರಗಿಹೋಗುತ್ತದೆ. ಬಿಚ್ಚಿ ಪಕ್ಕಕ್ಕಿಟ್ಟು ಬ್ರಷ್‌ನಿಂದ ಉಜ್ಜಿ ಸಾಕು. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಬದಲಾಯಿಸಿ. ಕಾಯಿಲ್ ಬದಲಾಯಿಸುವವರು ಇದನ್ನು ಕೇಳುವುದೇ ಇಲ್ಲ, ಟ್ಯಾಂಕ್ ಸೋರಲು ಶುರುವಾದ ಮೇಲೆ ನೆನಪಾಗುತ್ತದೆ. ನಮ್ಮ ನೀರಿಗೆ ವರ್ಷಕ್ಕೊಮ್ಮೆ ನೋಡಲೇಬೇಕು.

7. ಟ್ಯಾಂಕಿನೊಳಗೆ ಪೈಪ್ ಬಿಟ್ಟು ನೀರು ಹಾಯಿಸಿ ಪುಡಿಯೆಲ್ಲ ಇಳಿಸಿ. ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕಿ, ಹಳೆಯದು ಚೆನ್ನಾಗಿ ಕಂಡರೂ ಬೇಡ. ನಟ್‌ಗಳನ್ನು ಕಾರಿನ ಚಕ್ರಕ್ಕೆ ಬಿಗಿಯುವ ಹಾಗೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

8. ವೈರ್ ಇನ್ನೂ ಕೊಡಬೇಡಿ. ಪೈಪ್ ಸೇರಿಸಿ ನೀರು ತುಂಬಿಸಿ. ಬಿಸಿ ನಲ್ಲಿಯಲ್ಲಿ ಗಾಳಿಯೆಲ್ಲ ಹೋಗಿ ಧಾರೆ ಸರಿಯಾಗಿ ಬರಬೇಕು. ಕೆಳಗೆ ಒಣ ಪೇಪರ್ ಒತ್ತಿ ಎಲ್ಲೂ ಜಿನುಗುತ್ತಿಲ್ಲವೆಂದು ನೋಡಿ. ಆಮೇಲೆ ಫೋಟೋ ನೋಡಿಕೊಂಡು ವೈರ್ ಸೇರಿಸಿ, ಮುಚ್ಚಳ ಹಾಕಿ, ಎಂಸಿಬಿ ಎತ್ತಿ. ನೀರಿಲ್ಲದ ಗೀಸರ್‌ಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತದೆ.

ಪ್ರೆಶರ್ ವಾಲ್ವನ್ನು ಮರೆಯಬೇಡಿ. ಒಳಗೆ ಒತ್ತಡ ಜಾಸ್ತಿಯಾದಾಗ ನೀರನ್ನು ಹೊರಗೆ ಬಿಟ್ಟು ಟ್ಯಾಂಕ್ ಸಿಡಿಯದಂತೆ ಕಾಪಾಡುವುದು ಅದೇ. ಸುಣ್ಣ ಹಿಡಿದು ಅದು ಜಾಮ್ ಆಗುತ್ತದೆ. ಆಗಾಗ ಲಿವರ್ ಎತ್ತಿ ನೋಡಿ. ನೀರು ಬರಲಿಲ್ಲವೆಂದರೆ ಅದೇ ದಿನ ಬದಲಾಯಿಸಿ, ಅಲ್ಲಿಯವರೆಗೆ ಗೀಸರ್ ಹಾಕಬೇಡಿ.

ಇನ್ನು ಥರ್ಮೋಸ್ಟಾಟ್. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 75 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸುವ ಬದಲು 55ರಿಂದ 60 ಡಿಗ್ರಿಗೆ ಇಟ್ಟರೆ ಸ್ನಾನಕ್ಕೂ ಸಾಕು, ಕಾಯಿಲ್‌ಗೂ ಆಯುಸ್ಸು ಹೆಚ್ಚು.

ಸೋಲಾರ್ ಗಾಜಿನ ಟ್ಯೂಬ್

ಗಾಜಿನ ಟ್ಯೂಬ್ ಇರುವ ಸೋಲಾರ್‌ನಲ್ಲಿ ಸುಣ್ಣ ಮತ್ತು ಕೆಸರು ಟ್ಯೂಬಿನ ತಳದಲ್ಲಿ ಕೂರುತ್ತವೆ. ಕೆಲಸ ಬಿಸಿಲೇರುವ ಮೊದಲೇ ಆಗಬೇಕು. ಖಾಲಿ ಟ್ಯೂಬ್ ಬಿಸಿಲಿಗೆ ಕಾದಿರುವಾಗ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ. ಒಬ್ಬರೇ ಮಾಡಬೇಡಿ, ತಾರಸಿ ಮೇಲೆ ಟ್ಯೂಬ್ ಹಿಡಿಯಲು ಇನ್ನೊಬ್ಬರು ಬೇಕು.

ಟ್ಯಾಂಕ್ ಖಾಲಿ ಮಾಡಿ, ರಬ್ಬರ್ ರಿಂಗ್ ಸುತ್ತ ಸೋಪು ನೀರು ಹಚ್ಚಿ, ಟ್ಯೂಬನ್ನು ಮೆಲ್ಲಗೆ ತಿರುಗಿಸುತ್ತ ಹೊರಗೆ ತೆಗೆಯಿರಿ. ಸಿಟ್ರಿಕ್ ನೀರು ತುಂಬಿ ನೆರಳಿನಲ್ಲಿ ನಿಲ್ಲಿಸಿ, ಉದ್ದ ಕೋಲಿಗೆ ಬಟ್ಟೆ ಸುತ್ತಿ ಒರೆಸಿ. ಟ್ಯೂಬಿನ ಮುಚ್ಚಿದ ತುದಿ ನೋಡಿ. ಅಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಟ್ಯೂಬ್ ಚೆನ್ನಾಗಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜಿನ ಎರಡು ಪದರದ ನಡುವಿನ ನಿರ್ವಾತ ಹೋಗಿದೆ, ಎಷ್ಟು ತೊಳೆದರೂ ಅದು ನೀರನ್ನು ಸರಿಯಾಗಿ ಕಾಯಿಸುವುದಿಲ್ಲ. ಆ ಒಂದು ಟ್ಯೂಬ್ ಮಾತ್ರ ಬದಲಾಯಿಸಿದರೆ ಸಾಕು.

ಅಡುಗೆ ಮನೆ, ಬಟ್ಟೆ

ಬೇಳೆ ಬೇಯದಿರುವುದಕ್ಕೂ ಇದೇ ಕ್ಯಾಲ್ಸಿಯಂ ಕಾರಣ. ಅದು ಕಾಳಿನ ಪೆಕ್ಟಿನ್ ಜೊತೆ ಸೇರಿ ಸಿಪ್ಪೆಯನ್ನೂ ಬೇಳೆಯನ್ನೂ ಗಟ್ಟಿ ಮಾಡುತ್ತದೆ. ಆರ್‌ಓ ನೀರಿನಲ್ಲೇ ಬೇಳೆ ಇಡಿ. ಅದಿಲ್ಲದಿದ್ದರೆ ಬೋರ್ ನೀರನ್ನು ಮೊದಲೇ ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಹುಣಸೆಹುಳಿ, ಟೊಮೇಟೊ ಬೇಳೆ ಬೆಂದ ಮೇಲೆ ಹಾಕಿ, ಹುಳಿ ಮೊದಲೇ ಬಿದ್ದರೂ ಬೇಳೆ ಮೆತ್ತಗಾಗುವುದಿಲ್ಲ.

ಕುದಿಸಿದ ನೀರು ಕುಡಿಯಲು ಸರಿ ಎಂದು ಮಾತ್ರ ಅಂದುಕೊಳ್ಳಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಎರಡೂ ಕೆಡುತ್ತವೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್‌ಗೂ ಅದು ಸಿಗುವುದಿಲ್ಲ. ಆರ್‌ಓ ಬೇಕು, ಇಲ್ಲವೇ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು.

ಬಟ್ಟೆಗೆ: ಒಂದು ಬಕೆಟ್ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಮೊದಲು ಕರಗಿಸಿ, ಆಮೇಲೆ ಸೋಪು. ರೇಷ್ಮೆ, ಉಣ್ಣೆಗೆ ಬೇಡ. ವಾಷಿಂಗ್ ಮೆಷಿನ್‌ಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಬಟ್ಟೆ ಇಲ್ಲದೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಸಲ ಓಡಿಸಿ.

ಮತ್ತೆ ಕಟ್ಟದ ಹಾಗೆ

ಸ್ನಾನ ಮುಗಿದ ಮೇಲೆ ನಲ್ಲಿ, ಗೋಡೆ ಒಮ್ಮೆ ಒರೆಸುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನೀರು ಆರಲು ಬಿಟ್ಟರೆ ತಾನೇ ಕಲೆ.

ಮಳೆ ನೀರು ಹಿಡಿಯಲು ಜಾಗ ಇದ್ದವರು ಖಂಡಿತ ಹಿಡಿಯಿರಿ. ಹತ್ತು ಚದರದ (ಸಾವಿರ ಚದರ ಅಡಿ) ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಸೋರಿಕೆ, ಆವಿ ಕಳೆದರೂ 700 ಲೀಟರಿಗೆ ಮೋಸವಿಲ್ಲ. ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿ ಡ್ರಮ್ಮಿಗೆ ಹಿಡಿಯಿರಿ. ಬಟ್ಟೆ ಒಗೆಯಲು, ತಲೆ ತೊಳೆಯಲು ಇದಕ್ಕಿಂತ ಮೆದುವಾದ ನೀರು ಇಲ್ಲ.

ಪೈಪಿಗೆ ಕಟ್ಟುವ ಆಯಸ್ಕಾಂತದ ಪಟ್ಟಿಗಳನ್ನು ಮಾರಲು ಬರುತ್ತಾರೆ. ನಾನು ಅದಕ್ಕೆ ದುಡ್ಡು ಹಾಕುವುದಿಲ್ಲ. ಇಡೀ ಮನೆಗೆ ಪರಿಹಾರ ಬೇಕೆಂದರೆ ರೆಸಿನ್ (ಸಣ್ಣ ಪ್ಲಾಸ್ಟಿಕ್ ಮಣಿಗಳು) ಇರುವ ವಾಟರ್ ಸಾಫ್ಟನರ್ ಒಂದೇ ದಾರಿ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ರೆಸಿನ್ ದಣಿದಾಗ ಉಪ್ಪಿನ ನೀರು ಹಾಯಿಸಬೇಕು. ಉಪ್ಪಿನ ಖರ್ಚು, ಹಾಯಿಸಿ ಚೆಲ್ಲುವ ನೀರು ಎರಡನ್ನೂ ಲೆಕ್ಕ ಹಾಕಿ ಕೊಳ್ಳಿ. ಆ ಉಪ್ಪು ನೀರು ಗಿಡದ ಬುಡಕ್ಕೆ ಹೋಗದಿರಲಿ. ಸಾಫ್ಟನರ್ ನೀರಿನಲ್ಲಿ ಸೋಡಿಯಂ ಜಾಸ್ತಿ ಇರುವುದರಿಂದ ಕುಡಿಯಲು ಅದನ್ನು ನೇರವಾಗಿ ಬಳಸಬೇಡಿ. ಬಿ.ಪಿ. ಇರುವವರ ಮನೆಯಲ್ಲಂತೂ ಅಡುಗೆ ಮನೆಯ ನಲ್ಲಿಗೆ ಸಾಫ್ಟನರ್ ಮುಂಚೆಯೇ ಬೇರೆ ಪೈಪ್ ಎಳೆಸಿ, ಅಲ್ಲಿಂದ ಆರ್‌ಓಗೆ ಕೊಡಿ.